ಆರು ವೈರು, ಒಂದು ತಿರುಗುವ ಕುರ್ಚಿ

ನಗುವಂಥ ಸಂಗತಿ ಹುಡುಕಿಕೊಂಡು ನಾನು ಎಲ್ಲಿಯೂ ಹೋದವನಲ್ಲ. ಕಂಗ್ಟಿ ಬಸ್ ಸ್ಟ್ಯಾಂಡಿನ ಎದುರಿಗೆ ಬಾಗಿಲು ತೆರೆದು ಕೂತರೆ ಸಾಕು, ಅವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ನಾನು ಶಾಲೆಗೆ ಹೋದದ್ದು ಒಂದೇ ಸಲ, ಅದೂ ಮಾಡಿಗೆ ತಗಡು ಹೊದಿಸಲು. ಆದರೂ ಇವತ್ತು ಈ ಊರಲ್ಲಿ ನನ್ನ ಕೈ ದಾಟದೆ ಒಬ್ಬರ ಫೋನಿಗೂ ನೆಟ್ ಹೋಗುವುದಿಲ್ಲ. ಇದನ್ನೆಲ್ಲ ನಾನು ಹೇಳುತ್ತೇನೆ, ಸೊಸೆ ಬರೆದುಕೊಳ್ಳುತ್ತಾಳೆ. ನಡುವೆ ಅವಳು ಕೆಮ್ಮಿದರೆ ಅಲ್ಲಿ ನಾನು ಒಂದಿಷ್ಟು ಜಾಸ್ತಿ ಹೇಳಿದ್ದೇನೆ ಅಂತ ಲೆಕ್ಕ.

ಸೊಸೆ ಜಹೀರಾಬಾದಿನವಳು, ಓದಿದವಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆನ್‌ಲೈನ್ ಅರ್ಜಿ, ಜೆರಾಕ್ಸಿನ ಅಂಗಡಿ ಹಾಕಿದ್ದಾಳೆ. ಕಂಬದ ಮೇಲಿಂದ ನೆಟ್ಟಿನ ಕೇಬಲ್ ಬಂದು ಸೀದಾ ಅವಳ ಕಂಪ್ಯೂಟರಿಗೆ ಸೇರುತ್ತದೆ. ಫೋನುಗಳ ಪಾಡು ಮಾತ್ರ ಕೇಳಬೇಡಿ. ನಮ್ಮದು ಗಡಿಯೂರು. ಈ ಕಡೆಯ ಟವರ್ ಹಿಡಿಯಲೋ ಬೀದರ್ ಕಡೆಯದು ಹಿಡಿಯಲೋ ತಿಳಿಯದೆ ಫೋನು ಎರಡನ್ನೂ ಬಿಟ್ಟು ಸುಮ್ಮನೆ ಕೂರುತ್ತದೆ. ಅದಕ್ಕೇ ಸೊಸೆ ಕಂಪ್ಯೂಟರಿನೊಳಗೆ ಏನೋ ಒಂದು ಕೂರಿಸಿದಳು. ಮೊದಲ ಸಲ ಬಂದ ಫೋನಿಗೆ ಅವಳೇ ಒಂದಿಷ್ಟು ಒತ್ತಿ ಕೊಡುತ್ತಾಳೆ. ಅಲ್ಲಿಂದ ಮುಂದೆ ಆ ಫೋನಿಗೆ ವೈರ್ ಚುಚ್ಚಿದರೆ ಮುಗೀತು. ಯಾರೂ ಏನೂ ಮಾಡಬೇಕಾಗಿಲ್ಲ, ಕಂಪ್ಯೂಟರಿನ ನೆಟ್ ತಾನೇ ಫೋನಿಗೆ ಹೋಗುತ್ತದೆ. ಅಂಥ ಆರು ವೈರುಗಳಿವೆ. ಚುಚ್ಚುವ ಕೆಲಸ ನನ್ನದು. ಕೂರಲು ಗಾಲಿ ಹಚ್ಚಿದ ತಿರುಗುವ ಕುರ್ಚಿ.

ಆ ಕುರ್ಚಿಯ ಸುಖ ನಿಮಗೆ ಗೊತ್ತಿಲ್ಲ. ವೈರ್ ಇರುವುದು ಎರಡು ಮೊಳ. ಫೋನ್ ಬಿಟ್ಟು ಹೋಗಲು ಯಾರಿಗೂ ಧೈರ್ಯವಿಲ್ಲ. ಅಂದಮೇಲೆ ಆರು ಜನ ಕಟ್ಟಿಹಾಕಿದಂತೆ ಕೂತು ನನ್ನ ಕಥೆ ಕೇಳಲೇಬೇಕು. ಮೊಣಕಾಲು ನೋವಿಗೆ ಹೊಲ ಬಿಟ್ಟು ಎರಡು ವರ್ಷ ಕೊಟ್ಟಿಗೆಯಲ್ಲಿ ಕೂತಿದ್ದೆ, ಆಗ ನನ್ನ ಮಾತು ಕೇಳಿದ್ದು ಎಮ್ಮೆ ಒಂದೇ. ಅದೂ ಅರ್ಧಕ್ಕೆ ಮುಖ ತಿರುಗಿಸುತ್ತಿತ್ತು.

ಸೊಸೆ ಮೊದಲ ದಿನವೇ ಹೇಳಿಬಿಟ್ಟಳು: “ಮಾಮಾ, ವೈರ್ ಚುಚ್ಚೋದಷ್ಟೇ ನಿಮ್ಮ ಕೆಲಸ. ಮೂರು ತಪ್ಪು ಮಾಫ್ ಮಾಡ್ತೀನ್ರಿ. ನಾಕನೇದು ಆತಂದ್ರ ಕುರ್ಚಿ ನಂದು, ಎಮ್ಮಿ ನಿಮ್ದು.”

“ತಪ್ಪಾ? ನಾನಾ?” ಎಂದು ಕುರ್ಚಿಯನ್ನು ಗರ್ರನೆ ಒಂದು ಸುತ್ತು ತಿರುಗಿಸಿದೆ. ಅದು ಗೋಡೆಯ ಕಡೆ ಮುಖ ಮಾಡಿ ನಿಂತಿತು. ಆದರೂ ಆಡಿದ ಮಾತು ಆಡಿದ್ದೇ.

ಇಳಿಜಾರು

ನಲವತ್ತು ವರ್ಷ ಹೊಲಕ್ಕೆ ನೀರು ಹಾಯಿಸಿದವನು ನಾನು. ಮೇಲಿನ ಮಡಿ ತುಂಬಿಯೇ ಕೆಳಗಿನ ಮಡಿಗೆ ನೀರು ಇಳಿಯಬೇಕು. ಕಂಪ್ಯೂಟರ್ ನೋಡಿದರೆ ಟೇಬಲ್ ಮೇಲೆ, ಫೋನುಗಳೂ ಟೇಬಲ್ ಮೇಲೆ. ಸಪಾಟು ನೆಲದಲ್ಲಿ ಏನು ಹರಿದೀತು? ಆರೂ ಫೋನುಗಳನ್ನು ಎತ್ತಿ ಕೆಳಗೆ ಫರ್ಸಿ ಕಲ್ಲಿನ ನೆಲದ ಮೇಲೆ ಸಾಲಾಗಿ ಇಟ್ಟೆ. “ಈಗ ನೋಡ್ರಿ ಓಟ!” ಎಂದೆ. ಎಲ್ಲರೂ ನೋಡಿ, ಹೌದು, ನೆಟ್ ಬಿರುಸಾಗಿದೆ ಎಂದರು. ಅಷ್ಟರಲ್ಲಿ ಸೊಸೆ ಚಹಾ ಹಿಡಿದು ಬಂದವಳು ಒಂದು ಫೋನನ್ನು ತುಳಿದಳು. ಮೇಲಿನ ಗಾಜು ಚಟ್ ಎಂದಿತು.

“ಯಾರಿಟ್ಟಾರ್ರಿ ಇವನ್ನ ನೆಲದ ಮ್ಯಾಲ?”

“ಇಳಿಜಾರು ಬೇಕವ್ವಾ. ನೆಟ್ ಏರು ಹತ್ತೋದಿಲ್ಲ.”

“ಮಾಮಾ! ಅದೇನು ನೀರಾ?” ಎಂದು ಒಂದು ಬೆರಳು ಎತ್ತಿದಳು. ಒಂದನೇ ತಪ್ಪು.

ಆದರೆ ಫೋನಿನ ಒಡೆಯ, ನಮ್ಮ ಓಣಿಯ ರೈತ, ಸಿಟ್ಟಾಗುವುದು ಬಿಟ್ಟು ನನಗೇ ಕೈಮುಗಿದು, ಸೊಸೆಯ ಕಡೆ ತಿರುಗಿದ. “ಅಕ್ಕಾ, ಗಾಜು ಹೋದ್ರ ಹೋಗ್ಲಿ ಬಿಡ್ರಿ. ನಮ್ಮ ಮನಿಗಿ ನೆಟ್ ಯಾಕ ಬರಲ್ಲಂತ ಇವತ್ತ ತಿಳೀತು. ನಮ್ದು ದಿಬ್ಬದ ಮ್ಯಾಲಿನ ಮನಿ!”

ಗುಂಡಿ ಫೋನು

ಕಲ್ಹೇರಿನಲ್ಲಿ ನನಗೊಬ್ಬ ಹಳೆಯ ದೋಸ್ತನಿದ್ದಾನೆ. ಎತ್ತು ಮಾರುವಾಗಿನಿಂದ ಪರಿಚಯ. ಅವನು ಒಂದು ದಿನ ಗುಂಡಿ ಒತ್ತುವ ಸಣ್ಣ ಫೋನ್ ಹಿಡಿದುಕೊಂಡು ಬಂದು, “ಇದಕ್ಕೂ ಒಂದಿಷ್ಟು ನೆಟ್ ಬಿಡಪ್ಪ, ಮೊಮ್ಮಗನ ಮಾರಿ ನೋಡಬೇಕು” ಎಂದ. ಹೊಸ ಫೋನು, ಸೊಸೆಯ ಕೈಗೆ ಕೊಡಬೇಕಿತ್ತು. ಆದರೆ ಅವನ ಮುಂದೆ ನನಗೆ ಬರುವುದಿಲ್ಲ ಎನ್ನುವುದು ಹೇಗೆ? ನಾನೇ ಚುಚ್ಚಿದೆ.

“ಬಂತಾ?” ಎಂದ.

“ಬರಾಕತ್ತದ. ಸಣ್ಣ ಬಾಯಿ ಫೋನು, ನಿಧಾನ ಕುಡೀತದ.”

ಅದು ಕುಡಿದು ಮುಗಿಸುವವರೆಗೆ ಸುಮ್ಮನೆ ಕೂರಬಾರದಲ್ಲ, ಕಥೆ ಶುರು ಮಾಡಿದೆ. ಕೆಸರಲ್ಲಿ ಹೂತ ನಾರಾಯಣಖೇಡದ ಬಸ್ಸನ್ನು ನನ್ನ ಒಂಟಿ ಎತ್ತು ಎಳೆದು ತೆಗೆದದ್ದು ಹೇಳಿದೆ. ಆ ಎತ್ತು ಹುರುಪಿನಲ್ಲಿ ಬಸ್ಸನ್ನು ಮುಂದಿನ ಸ್ಟಾಪಿನವರೆಗೂ ಎಳೆದುಕೊಂಡು ಹೋದದ್ದು ಹೇಳಿದೆ. ಕಂಡಕ್ಟರು ಎತ್ತಿಗೇ ಟಿಕೆಟ್ ಹರಿಯಲು ಬಂದದ್ದೂ ಹೇಳಿದೆ. (ಸೊಸೆ ಕೆಮ್ಮಿದಳು.) ಬೆಳಿಗ್ಗೆ ಬಂದವನು ಮಧ್ಯಾಹ್ನದ ಊಟದವರೆಗೂ ಕೂತ. ಆಗ ಸೊಸೆ ಫೋನನ್ನು ನೋಡಿದಳು.

“ಕಾಕಾ, ಇದಕ್ಕ ಜಿಂದಗಿ ಕುಂತ್ರೂ ನೆಟ್ ಬರಂಗಿಲ್ರಿ. ಇದು ಬರೇ ಮಾತಾಡೋ ಫೋನು.” ಮೊಮ್ಮಗನ ಮುಖವನ್ನು ಅವಳೇ ತನ್ನ ಫೋನಿನಲ್ಲಿ ತೋರಿಸಿ ಕಳಿಸಿದಳು. ನನ್ನ ಕಡೆ ತಿರುಗಿ ಎರಡು ಬೆರಳು.

ಮರುದಿನ ದೋಸ್ತ ಮತ್ತೆ ಬಂದ. ಕೈಯಲ್ಲಿ ಹೊಲಕ್ಕೆ ಒಯ್ಯುವ ಟಾರ್ಚು. “ನಿನ್ನೆ ನೆಟ್ ಬರಲಿಲ್ಲ, ಚಾರ್ಜ್ ಅಂತೂ ಫುಲ್ ಆತು. ಇವತ್ತ ಇದಕ್ಕ ಹಚ್ಚು.”

“ಕುಂಡ್ರು ಮತ್ತ,” ಎಂದೆ, ಬಹಳ ಖುಷಿಯಿಂದ.

“ನಾ ಯಾಕ ಕುಂಡ್ರಲಿ? ಬಜಾರಕ್ಕ ಹೋಗಿ ಬರ್ತೀನಿ. ಕಥಿ ಟಾರ್ಚಿಗಿ ಹೇಳು.”

ಜ್ವರ ಬಂದವನು

ತಾಂಡೂರಿನ ಫರ್ಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವವನೊಬ್ಬ ನಮ್ಮ ಊರಿನ ಅಳಿಯ. ಮಾವನ ಮನೆಗೆ ಬಂದಾಗಲೆಲ್ಲ ನನ್ನ ಕೈಯಿಂದಲೇ ನೆಟ್ ಹಾಕಿಸಿಕೊಂಡವನು. ಈ ಸಲ ಬಂದು ಮೆಲ್ಲಗೆ, “ಮಾವಾ, ಚಾರ್ಜ್ ಅಷ್ಟೇ ಸಾಕು. ನೆಟ್ ಬ್ಯಾಡ. ಜ್ವರ ಬಂದು ದವಾಖಾನ್ಯಾಗ ಇದ್ದೀನಂತ ಸೇಠ್‌ಗಿ ಹೇಳಿ ಬಂದೀನಿ” ಎಂದ.

ಗೋಡೆಯ ಪ್ಲಗ್ಗಿಗೆ ಹಾಕಿದ್ದರೆ ಮುಗಿಯುತ್ತಿತ್ತು. ನನ್ನ ಕೈ ರೂಢಿಯಂತೆ ನನ್ನ ವೈರಿಗೇ ಹೋಯಿತು. ಮರುಕ್ಷಣವೇ ಫೋನು ಟಿಣ್ ಟಿಣ್ ಅಂತ ಬಡಿದುಕೊಂಡಿತು. ಅದರ ಬೆನ್ನಿಗೇ ಸೇಠ್‌ನ ವಿಡಿಯೋ ಕಾಲ್.

ಅಳಿಯನಿಗೆ ನಿಜವಾಗಿಯೂ ಬೆವರು ಬಂತು. ನಾನು ಇಂಥ ಹೊತ್ತಿನಲ್ಲಿ ತಣ್ಣಗಿರುವ ಮನುಷ್ಯ. ಅವನನ್ನು ಅಲ್ಲೇ ನೆಲಕ್ಕೆ ಮಲಗಿಸಿದೆ, ನನ್ನ ರುಮಾಲನ್ನು ಒದ್ದೆ ಮಾಡಿ ಅವನ ಹಣೆಗೆ ಕಟ್ಟಿದೆ. “ಈಗ ಎತ್ತು. ನರಳು” ಎಂದೆ. ನರಳಿದ.

ಸೇಠ್ ಕೇಳಿದ: “ಯಾವ ದವಾಖಾನಿಲೇ ಅದು, ನೆಲದ ಮ್ಯಾಲ ಹಾಕ್ಯಾರ?”

ನಾನು ಬಗ್ಗಿ ಮುಖ ತೋರಿಸಿದೆ. “ಪಲಂಗ ಖಾಲಿ ಇಲ್ರಿ ಸೇಠ್ ಸಾಹೇಬ್ರೆ.”

“ಮತ್ತ ಹಿಂದ ಗ್ವಾಡಿಗಿ ಜೆರಾಕ್ಸ್ ಅಂತ ಬರದದಲ್ಲ?”

ಎಲ್ಲರೂ ಉಸಿರು ಹಿಡಿದರು. ನಾನು ಹಿಡಿಯಲಿಲ್ಲ. “ಹೌದ್ರಿ. ಇವಂದು ಒಂದು ಕಾಪಿ ತಗದು ನಿಮ್ಮ ಕಡಿ ಕೆಲಸಕ್ಕ ಕಳಸ್ತೀವಿ. ಅಸಲಿ ಇಲ್ಲೇ ಮಲಗ್ಲಿ.”

ಸೇಠ್ ನಕ್ಕನೋ ಬೈದನೋ ತಿಳಿಯಲಿಲ್ಲ. ಅಳಿಯ ಮಾತ್ರ ಸಂಜೆ ಬಸ್ಸಿಗೇ ತಾಂಡೂರು ಸೇರಿದ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗುತ್ತಲೇ ಮೂರು ಬೆರಳು ಎತ್ತಿದಳು.

ನಾಕನೇದು

ಇನ್ನು ಒಂದೇ ತಪ್ಪು, ಆಮೇಲೆ ಎಮ್ಮೆ. ಹದಿನೈದು ದಿನ ನಾನು ಗಾಜಿನ ಮೇಲೆ ನಡೆದಂತೆ ನಡೆದೆ. ಚುಚ್ಚುವ ಮೊದಲು ಕೇಳಿದೆ, ಕೀಳುವ ಮೊದಲು ಕೇಳಿದೆ.

ನನ್ನ ಮನೆಯಾಕೆ ಆಗ ನಾರಾಯಣಖೇಡದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ದಿನಾ ವಿಡಿಯೋ ಕಾಲ್. ಮೊಣಕಾಲಿಗೆ ಎಣ್ಣೆ ಹಚ್ಚಿದಿರಾ, ಎಮ್ಮೆಗೆ ನೀರು ಕುಡಿಸಿದಿರಾ ಅಂತ ಒಂದೇ ವಿಚಾರಣೆ. ಸಾಕಾಗಿ, ನೆಟ್ ಸತ್ತೇ ಹೋಗಿದೆ ಅಂತ ಹೇಳಿ, ನನ್ನ ಫೋನನ್ನು ಗೋಡೆಯ ಪ್ಲಗ್ಗಿಗಷ್ಟೇ ಹಾಕುತ್ತ ಎಂಟು ದಿನ ಆರಾಮಾಗಿದ್ದೆ.

ಅವತ್ತು ಆರೂ ವೈರಿಗೆ ಜನ. ನನ್ನ ಕಾಡುಹಂದಿಯ ಕಥೆ ರಂಗೇರಿತ್ತು. ಒಂದು ವೈರ್ ಖಾಲಿಯಾಯಿತು, ಆದರೆ ಫೋನ್ ಕಿತ್ತುಕೊಂಡವನೂ ಹಂದಿ ಏನಾಯಿತೋ ಅಂತ ಕೂತೇ ಇದ್ದ. ನನ್ನ ಫೋನಿನ ಚಾರ್ಜ್ ಮುಗಿಯುತ್ತಿತ್ತಲ್ಲ, ಆ ವೈರಿಗೆ ಚುಚ್ಚಿದೆ. ಚಾರ್ಜ್ ಅಷ್ಟೇ ಅಂದುಕೊಂಡೆ. ತಾಂಡೂರಿನವನೂ ಹಾಗೇ ಅಂದುಕೊಂಡಿದ್ದ. ಕೂಡಲೇ ಮನೆಯಾಕೆಯ ಕಾಲ್ ಬಂತು.

“ಹೆಂಡ್ತಿ ಕಾಲ್ ಹೆಂಗ ಕಟ್ ಮಾಡ್ಬೇಕು ನೋಡ್ಕೋರಿ,” ಎಂದು ಎಲ್ಲರಿಗೂ ತೋರಿಸಿ ಒಂದು ಗುಂಡಿ ಒತ್ತಿ, ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿದೆ. ಕಥೆ ಮುಂದುವರಿಸಿದೆ.

“ಹೊತ್ತು ಮುಳುಗೋ ಹೊತ್ತು. ಹಂದಿ ಸೀದಾ ನನ್ನ ಮ್ಯಾಲೇ ಬಂತು. ನಾ ಅಲ್ಲಾಡಲಿಲ್ಲ! ಎರಡೂ ಕಿವಿ ಹಿಡದೆ, ರುಮಾಲ್ಲೆ ಕಾಲು ಕಟ್ಟಿದೆ, ಹೆಗಲ ಮ್ಯಾಲ ಹೊತ್ಕೊಂಡು ಅಂಗಳಕ್ಕ ತಂದು ಒಗದೆ. ನಮ್ಮ ಮನ್ಯಾಕಿ ಕಾಲಿಗಿ ಬಿದ್ದು, ನಿಮ್ಮಂಥ ಗಂಡ ಏಳು ಊರಾಗ ಇಲ್ಲ ಅಂದ್ಳು.”

ಟೇಬಲ್ ಮೇಲಿಂದ ದನಿ ಬಂತು: “ಅದು ಹಂದಿ ಅಲ್ಲ. ನಮ್ಮ ಎಮ್ಮಿ ಕರ.”

ಎಲ್ಲರೂ ಫೋನಿನ ಕಡೆ ನೋಡಿದರು. ನಾನು ಒತ್ತಿದ್ದು ಕಾಲ್ ಎತ್ತುವ ಗುಂಡಿ.

“ಹಗ್ಗ ಹರ್ಕೊಂಡು ನಿಮ್ಮ ಬೆನ್ನ ಹತ್ತಿ ಬಂದಿತ್ತು. ಹಂದಿ ಹಂದಿ ಅಂತ ಚೀರ್ಕೋತ ಓಡಿ ಬಂದು ಜೋಳ ತುಂಬೋ ಹಗೇವ್ನಾಗ ಇಳದ್ರಿ. ಮ್ಯಾಲ ಬರ್ರಿ ಅಂತ ನಾ ನಿಚ್ಚಣಿಕಿ ಇಳಬಿಟ್ರ, ಹಂದಿ ಹೋತಾ ಅಂತ ಕೇಳಿದ್ರಿ. ಕರ ಆಗ ನಿಮ್ಮ ರುಮಾಲು ತಿನ್ನಾಕತ್ತಿತ್ತು.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ಒಬ್ಬ ನಗುತ್ತ ನೆಲಕ್ಕೆ ಉರುಳಿ ಮೂರು ವೈರ್ ಕಿತ್ತುಹಾಕಿದ. ಯಾರೂ ಮತ್ತೆ ಚುಚ್ಚು ಎನ್ನಲಿಲ್ಲ.

ಸೊಸೆ ಎದ್ದು ನಿಂತಳು. ನಾಲ್ಕು ಬೆರಳು.

ನಾನು ಮಾತಿಗೆ ತಪ್ಪುವವನಲ್ಲ. ಮೊಣಕಾಲು ಹಿಡಿದು ಎದ್ದೆ. ಕುರ್ಚಿಯ ಬೆನ್ನನ್ನು ಒಮ್ಮೆ ಸವರಿ, “ನಡಿ ಅವ್ವಾ, ಎಮ್ಮಿ ಕಡಿ ಹೋಗ್ತೀನಿ” ಎಂದೆ.

ಅಷ್ಟರಲ್ಲಿ ಫೋನಿನಿಂದ ಮನೆಯಾಕೆ ಕೂಗಿದಳು: “ಏ ತಾಯಿ, ಕಳಸಬ್ಯಾಡ! ಕುರ್ಚಿ ಅವರಿಗೇ ಇರ್ಲಿ!”

ನನ್ನ ಎದೆ ಉಬ್ಬಿತು. ನಲವತ್ತು ವರ್ಷದ ಸಂಸಾರ ಸುಮ್ಮನೆಯೇ?

“ಯಾಕ್ರಿ ಅತ್ತಿ?” ಎಂದಳು ಸೊಸೆ.

“ಎರಡು ವರ್ಷ ಇವರ ಕಥಿ ಕೇಳಿ ಆ ಎಮ್ಮಿ ಹಾಲು ಬತ್ತಿಸ್ಕೊಂಡಿತ್ತು. ಇವರು ಕುರ್ಚಿಗಿ ಹೋದ ಮ್ಯಾಲ ಈಗೀಗ ಹಿಂಡಾಕ ನಿಂದ್ರಾಕತ್ತದ!”