ಮಾವನ ಜಗಲಿಯ ಕುಮ್ಕಿಗಳು

ಮನುಷ್ಯರಿಗೂ ಆನೆಗಳಿಗೂ ಇರುವ ವ್ಯತ್ಯಾಸ ನಮ್ಮ ಸೋದರಮಾವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ! ಆನೆಗೆ ಸೊಂಡಿಲಿದೆ, ಮನುಷ್ಯನಿಗೆ ನಾಲಿಗೆಯಿದೆ, ಎರಡೂ ಸುಮ್ಮನಿರುವುದಿಲ್ಲ, ಉಳಿದದ್ದೆಲ್ಲ ಒಂದೇ ಎನ್ನುವುದು ಅವನ ವಾದ. ಈ ವಾದವನ್ನು ನಂಬಿಕೊಂಡೇ ಅವನು ಹುಣಸೂರಿನ ತನ್ನ ಮನೆ ಜಗಲಿಯ ಮೇಲೆ ಮನಸ್ಸು ಕೆಟ್ಟವರನ್ನು ರಿಪೇರಿ ಮಾಡುತ್ತಿದ್ದ. ನಗಬೇಡಿ. ಅಪ್ಪ ತೀರಿಕೊಂಡ ಮೇಲೆ ಊಟ, ಮಾತು ಎರಡನ್ನೂ ಬಿಟ್ಟ ನಮ್ಮವ್ವನನ್ನು ನಾನು ಕೆ.ಆರ್. ನಗರದಿಂದ ಕರೆತಂದದ್ದೂ ಅದೇ ಜಗಲಿಗೆ.

ಈಗ ಇಂಥ ಕಡೆಗಳಲ್ಲೆಲ್ಲ ಬೋರ್ಡು ಇರುತ್ತದೆ. ಸಲಹೆ ಕೊಡುವವರ ಹೆಸರು, ಅದರ ಕೆಳಗೆ ಓದಿದ್ದೇನು, ಎಲ್ಲೆಲ್ಲಿ ಕೆಲಸ ಮಾಡಿದ್ದು, ಎಲ್ಲ. ಅರವತ್ತರ ದಶಕದ ಆ ಜಗಲಿಗೂ ಅಂಥ ಬೋರ್ಡು ಬರೆಸಿದ್ದರೆ ಏನಿರುತ್ತಿತ್ತು? ಮುಖ್ಯಸ್ಥರು: ಆನೆಗಳಿಗೆ ಮುದ್ದೆ ಬೇಯಿಸಿದವರು! ಹೌದು, ಅಷ್ಟೇ. ಎಚ್.ಡಿ. ಕೋಟೆ ಕಡೆಯ ಕಾಡಿನ ಆನೆ ಕ್ಯಾಂಪಿನಲ್ಲಿ ಮಾವ ಹಂಡೆಗಟ್ಟಲೆ ರಾಗಿ, ಹುರುಳಿ ಬೇಯಿಸಿ, ಮುದ್ದೆ ಕಟ್ಟಿ, ನಡುವೆ ಬೆಲ್ಲ ಹುದುಗಿಸಿ ಆನೆಗಳಿಗೆ ಕೊಡುತ್ತಿದ್ದ. ಮಾವುತರೆಲ್ಲ ಅವನನ್ನು ಮುದ್ದೆಯಣ್ಣ ಎಂದೇ ಕರೆಯುತ್ತಿದ್ದರು. ಬೆನ್ನು ಹಿಡಿದುಕೊಂಡು ಹಂಡೆ ಎತ್ತಲಾಗದೆ ಊರಿಗೆ ಬಂದ ಮೇಲೂ ಅವನ ಬಾಯಲ್ಲಿ ಹಗಲೂ ರಾತ್ರಿ ಗೌರಿಯದೇ ಮಾತು. ಗೌರಿಯೆಂದರೆ ಕ್ಯಾಂಪಿನ ಹೆಣ್ಣಾನೆ. ಅದು ಆನೆಯೆಂದು ತಿಳಿಯುವ ತನಕ ಅತ್ತೆ ಅವನಿಗೆ ಬಿಸಿನೀರು ಕಾಯಿಸಿಕೊಡುವುದನ್ನು ನಿಲ್ಲಿಸಿದ್ದಳಂತೆ!

ಕಾಡಿನಿಂದ ಹೊಸದಾಗಿ ಹಿಡಿದು ತಂದ ಆನೆ ರೋಷಕ್ಕೋ ಸಂಕಟಕ್ಕೋ ಮೇವು ಮುಟ್ಟುವುದಿಲ್ಲ. ಆಗ ಅದರ ಆಚೆಗೊಂದು ಈಚೆಗೊಂದು ಪಳಗಿದ ಆನೆಯನ್ನು ನಿಲ್ಲಿಸುತ್ತಾರೆ. ಅವಕ್ಕೆ ಕುಮ್ಕಿ ಆನೆಗಳು ಅಂತ ಹೆಸರು. ಕುಮ್ಕಿಗಳು ಏನೂ ಮಾಡುವುದಿಲ್ಲ, ಪಕ್ಕದಲ್ಲಿ ನಿಂತು ಕಿವಿ ಬೀಸುತ್ತ ತಮ್ಮ ಪಾಡಿಗೆ ಮೇಯುತ್ತವೆ. ಹೊಸ ಆನೆಯನ್ನು ಯಾರೂ ಕಣ್ಣಿಟ್ಟು ನೋಡಬಾರದು. ಮುದ್ದೆಯನ್ನು ಸಹ ಬೇರೆಲ್ಲೋ ನೋಡುತ್ತ ಚಾಚಬೇಕು. ಮಾವುತರಿಂದ ಕಲಿತ ಈ ವಿದ್ಯೆಯನ್ನು ಮಾವ ಒಂದಿಷ್ಟೂ ಬದಲಿಸದೆ ಮನುಷ್ಯರಿಗೆ ಅನ್ವಯಿಸಿದ.

ಹಾಗಾದರೆ ಮನುಷ್ಯರಿಗೆ ಕುಮ್ಕಿಗಳು ಯಾರು? ಬಲಗಡೆಗೆ ಅತ್ತೆ, ಎಡಗಡೆಗೆ ಪಕ್ಕದ ಮನೆಯ ಕಲಾಯಿ ಸಾಬರ ತಾಯಿ, ನಮ್ಮೆಲ್ಲರ ಬೀಬಿ ಅಜ್ಜಿ. ಇವರ ಅನುಭವವನ್ನೂ ಬೋರ್ಡಿಗೆ ಸೇರಿಸಬೇಕಲ್ಲ! ಮಗನ ಕಲಾಯಿ ಒಲೆಗೆ ತಿದಿ ಒತ್ತುತ್ತ, ಪಾತ್ರೆ ಬಡಿಯುವ ಸದ್ದಿನಲ್ಲೇ ಕಾಲ ಕಳೆದು ಅಜ್ಜಿಯ ಎರಡೂ ಕಿವಿ ಹೋಗಿದ್ದವು. ಅತ್ತೆಯಂತೂ ಮದುವೆಯಾದಂದಿನಿಂದ ಮಾವನ ಮಾತಿನ ಪಕ್ಕ ಬಾಳಿ ಪಳಗಿದ್ದಳು. ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ಬಂದರು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಬ್ಬರ ನಡುವೆ ಕೂತು ಮಧ್ಯಾಹ್ನದ ತನಕ ಗೋಳು ತೋಡಿಕೊಂಡರು. ಅಜ್ಜಿ ಎಲೆಯಡಿಕೆ ಕುಟ್ಟುತ್ತಿದ್ದಳು, ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಹೊರಡುವಾಗ ಆತ ಇಬ್ಬರಿಗೂ ಕೈಮುಗಿದು, "ಇಂಥಾ ಬುದ್ಧಿಮಾತ ಇದುವರ್ಗೂ ಯಾರೂ ಯೋಳಿರ್ನಿಲ್ಲ ಕಣ್ರವ್ವ" ಎಂದರು. ಹೇಳಿದವರು ಯಾರು? ಇಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ!

ಬಂದವರೆಲ್ಲ ಇಷ್ಟು ಸಾಧುಗಳಲ್ಲ. ಗುಮಾಸ್ತರೊಬ್ಬರಿಗೆ ಈ ಚಿಕಿತ್ಸೆಯ ಮೂಲ ಅದು ಹೇಗೋ ತಿಳಿದು, ಕೈಲಿದ್ದ ಮುದ್ದೆಯನ್ನು ತಟ್ಟೆಗೆ ಕುಕ್ಕಿ ಎದ್ದು ನಿಂತರು.

"ಏನ್ರೀ, ನಾನೇನು ಆನೇನಾ?"

"ಆನೆ ಆಗಿದ್ರೆ ಇಷ್ಟೊತ್ಗೆ ಸರ್ಯೋಗಿರೋದು ಕಣ್ರೀ," ಎಂದ ಮಾವ, ಬೀದಿ ನೋಡುತ್ತ. "ಮನ್ಸ ಅಲ್ವಾ, ವಸಿ ತಡ ಆಯ್ತದೆ. ಕೂತ್ಕಳಿ."

ಅವ್ವನ ವಿಷಯದಲ್ಲಿ ಮಾತ್ರ ವಸಿಯಲ್ಲ, ಬಹಳ ತಡವಾಯಿತು. ದಿನಾ ಅವಳನ್ನು ಕುಮ್ಕಿಗಳ ನಡುವೆ ಕೂರಿಸುವುದು, ದಿನಾ ಮಾವ ಚೂರು ಬೆಲ್ಲ ಹುದುಗಿಸಿ ಕೊಟ್ಟ ಮುದ್ದೆ ತಟ್ಟೆಯಲ್ಲೇ ಒಣಗುವುದು. ಸಂಜೆ ನಾನು ತುತ್ತು ಮಾಡಿ ಬಾಯಿಗಿಟ್ಟರೆ ನುಂಗುತ್ತಿದ್ದಳು, ಅಷ್ಟೇ. ಅಷ್ಟರಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ಬಂದು, "ಯುಗಾದಿಗಂಟ ನೋಡ್ತೀವಿ. ಆಮ್ಯಾಕೆ ದೊಡ್ಡಾಸ್ಪತ್ರೆಗೆ ಸೇರಿಸ್ಬುಡದೆಯ" ಎಂದು ಹೇಳಿ ಹೋದರು. ದೊಡ್ಡಾಸ್ಪತ್ರೆಯೆಂದರೆ ಹುಚ್ಚಾಸ್ಪತ್ರೆ. ಅಲ್ಲಿಗೆ ಸೇರಿದವರು ಮನೆಗೆ ಹಿಂತಿರುಗಿದ್ದನ್ನು ನಾನಂತೂ ಕಂಡಿರಲಿಲ್ಲ. ಮದುವೆಯ ವಯಸ್ಸಿನ ಹುಡುಗಿ ನಾನು, ಆದರೂ ಹೆದರಿ ಅವ್ವನ ಸೆರಗು ಹಿಡಿದುಕೊಂಡು ಮಲಗುತ್ತಿದ್ದೆ.

ಒಂದು ದಿನ ತಡೆಯಲಾಗದೆ ಮಾವನ ಮೇಲೆ ರೇಗಿದೆ. "ಇನ್ನೂ ಎಷ್ಟು ದಿನ ಮಾವ ಇಂಗೇ ಕೂರ್ಸೋದು?"

"ಸುಮ್ಕಿರವ್ವ. ಗೌರಿ ಬಂದ ವೊಸದ್ರಲ್ಲಿ ಮುದ್ದೆ ಮೂಸೂ ನೋಡ್ನಿಲ್ಲ. ಅಂತ ನಾನು ಬೇಯ್ಸೋದ ಬುಟ್ನಾ?"

"ಅವ್ವ ಗೌರಿ ಅಲ್ಲ ಮಾವ!"

"ಗೊತ್ತು ಕಣವ್ವ. ಗೌರೀನ ನಾನು ಎತ್ತಾಡ್ಸಿರ್ನಿಲ್ಲ. ಇವಳ್ನ ಎತ್ತಾಡ್ಸಿವ್ನಿ."

ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅಂತರಸಂತೆ ಕಡೆಯ ಕಾಡಂಚಿನ ಹಾಡಿಯಿಂದ ಒಬ್ಬ ಬಸ್ಸಿಳಿದು ಬಂದ. ಕ್ಯಾಂಪಿನಲ್ಲಿ ಗೌರಿಯನ್ನು ನೋಡಿಕೊಳ್ಳುತ್ತಿದ್ದವನು. ಜಗಲಿ ಹತ್ತದೆ ಕೆಳಗೇ ನಿಂತು, "ಮುದ್ದೆಯಣ್ಣ, ಗೌರಿ ಓಯ್ತು. ಮಲಗಿದ್ದು ಏಳ್ನಿಲ್ಲ" ಎಂದ.

ಮಾವ ಬಂದವರನ್ನು ಕೂರಿಸುತ್ತಿದ್ದ ಜಾಗದಲ್ಲಿ ಹೋಗಿ ತಾನೇ ಕುಳಿತುಬಿಟ್ಟ. ಬಂದವನು ನೀರು ಕುಡಿದು ಹೊರಟುಹೋದ, ಮಾವನಿಗೆ ಅದೂ ತಿಳಿಯಲಿಲ್ಲ. ಅತ್ತೆ ಬಲಕ್ಕೆ ಕೂತಳು, ಬೀಬಿ ಅಜ್ಜಿ ಎಡಕ್ಕೆ ಕೂತಳು. ಅತ್ತೆ ಮುದ್ದೆ ತಂದಿಟ್ಟರೆ ಕೈ ಚಾಚಲಿಲ್ಲ. ಅಷ್ಟು ಮಾತಿನ ಮನುಷ್ಯ ಹಾಗೆ ಕೂತದ್ದನ್ನು ನೋಡಿ ನನಗೆ ಭಯವಾಯಿತು. ಇನ್ನು ಅವ್ವನ ಗತಿಯೇನು?

ಹೊಸ್ತಿಲ ಒಳಗೆ ಕೂತಿದ್ದ ಅವ್ವ ಎದ್ದಳು. ಒಳಗೆ ಹೋಗಿ ಒಂದು ಹಿಡಿ ಬೆಲ್ಲ ತಂದಳು. ಅವಳು ಬರುವುದನ್ನು ಕಂಡು ಅತ್ತೆ ತನ್ನ ಜಾಗ ಬಿಟ್ಟು ಎದ್ದಳು. ಅವ್ವ ಅಲ್ಲಿ ಕೂತು, ಮುದ್ದೆ ಮುರಿದು, ಬೆರಳಲ್ಲಿ ಗುಳಿ ಮಾಡಿ ಬೆಲ್ಲ ಹುದುಗಿಸಿ, ಬೀದಿಯ ಕಡೆ ನೋಡುತ್ತ ಕೈ ಚಾಚಿದಳು.

"ತಿನ್ನಣ್ಣಯ್ಯ."

ಅಷ್ಟು ದಿನ ಬಳಸದ ದನಿ ಒಡೆದು ಬಂತು. ಮಾವ ತಿರುಗಿ ನೋಡಲಿಲ್ಲ. ತಾನೇ ಮಾಡಿದ ಕಾನೂನಲ್ಲವೇ? ಅವನೂ ಬೀದಿ ನೋಡುತ್ತಲೇ ಬಾಯಿ ತೆರೆದ. ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿತ್ತು.

"ಗೌರಿಗೂ ಇಷ್ಟೇ ಬೆಲ್ಲ ಇಕ್ತಿದ್ದಾ?" ಅವ್ವ ಕೇಳಿದಳು.

"ಇನ್ನೂ ಜಾಸ್ತಿ ಕಣವ್ವ."

"ಮತ್ತೆ ನಂಗ್ಯಾಕೆ ಚೂರೇ ಚೂರು ಇಕ್ತಿದ್ದೆ?"

ನಾನು ಬಾಗಿಲಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ. ಅವರ್ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕಿವಿ ಕೇಳದ ಬೀಬಿ ಅಜ್ಜಿ ಮಾತ್ರ, ಅದು ಹೇಗೆ ತಿಳಿಯಿತೋ, ಬೀದಿಯನ್ನೇ ನೋಡುತ್ತ, ಕೂತಲ್ಲೇ ಒಂದಿಷ್ಟು ಸರಿದು ನನಗೆ ಜಾಗ ಮಾಡಿದಳು.