ಪೂಜೆಗೆ ಕೂತ ಉರಿಗಡಿಗೆ

ಅಂಜನಕುಮಾರ ತಾನೇ ಬಾಯಿಬಿಟ್ಟು ಕೆಟ್ಟ. ಮೊಬೈಲಿನ ಆಟದಲ್ಲಿ ನಾಲ್ಕು ತಿಂಗಳು ಗುಹೆ ಗುಹೆ ಅಲೆದು ಒಂದೇ ಒಂದು ಉರಿಗಡಿಗೆ ಗಳಿಸಿದ್ದ. ಎಸೆದರೆ ಢಮ್ಮೆನ್ನುವ ಬಾಂಬು ಅದು. “ಇದಕ್ಕಿಂತ ದೊಡ್ಡ ಆಯುಧ ಇಲ್ಲವ್ವ” ಎಂದು ತಾಯಿ ದ್ಯಾಮವ್ವನಿಗೆ ತೋರಿಸಿ ಜಂಬ ಕೊಚ್ಚಿದ್ದ. ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಕುಡುಗೋಲು, ಈಳಿಗೆಮಣೆ, ಮಿಕ್ಸಿಗಳ ಸಾಲಿನಲ್ಲಿ ಅವನ ಮೊಬೈಲೂ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಹೊತ್ತು ಕೂತಿತ್ತು.

“ನಾಳೆ ಬೆಳಿಗ್ಗೆ ತನಕ ಮುಟ್ಟಂಗಿಲ್ಲ” ಎಂದಳು ದ್ಯಾಮವ್ವ.

“ಯವ್ವಾ, ಇವತ್ತು ಸಂಜೆ ಐದಕ್ಕೆ ಗಡುವು! ಅಷ್ಟರಾಗ ಏಳು ತಲೆ ಸರ್ಪಕ್ಕೆ ಎಸೀಲಿಲ್ಲಂದ್ರೆ ನಮ್ಮ ತಂಡನೇ ಹೊರಗ!”

“ಸರ್ಪಕ್ಕೆ ಹೊಡೀತೀಯಾ? ಹಬ್ಬದ ದಿನ? ಥೂ!”

ತಂಡವೆಂದರೆ ಗುತ್ತೂರಿನ ಕಾರ್ಖಾನೆಯಲ್ಲಿ ಅವನ ಜೊತೆ ದುಡಿಯುವ ಮೂವರು. ಗಡಿಗೆ ಇದ್ದದ್ದು ಇವನೊಬ್ಬನ ಹತ್ತಿರ. ಸೋತರೆ ಕ್ಯಾಂಟೀನಿನಲ್ಲಿ ತಲೆ ಎತ್ತುವಂತಿರಲಿಲ್ಲ.

ಮಧ್ಯಾಹ್ನ ಮೆಲ್ಲಗೆ ಕೈಚಾಚಿದ. ಹೋಳಿಗೆ ಊಟಕ್ಕೆ ಬಂದಿದ್ದ ಎದುರುಮನೆಯ ಕೆಂಚವೀರಪ್ಪ ಗದರಿದರು: “ಏಯ್! ಪೂಜೆ ಆದ ಬೈಕ್ ಹತ್ತಿ ನಮ್ಮ ಅಳಿಯ ಚರಂಡಿಗೆ ಬಿದ್ದ, ಗೊತ್ತೈತೋ ಇಲ್ಲೋ?” ಊಟ ಮುಗಿದರೂ ಅವರು ಏಳಲಿಲ್ಲ. ಪೂಜೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಪಕ್ಕದ ಮನೆಯ ಟೇಲರ್ ನೂರ್ಜಹಾನ್ ಸಮಾಧಾನ ಹೇಳಿದಳು. “ನಿಮ್ಮವ್ವ ನನ್ನ ಮಿಷಿನ್ನಿಗೂ ಹೂವ ಇಟ್ಟು ಬಂದಾರ. ಆರ್ಡರ್ ರಾಶಿ ಬಿದ್ದೈತೆ, ನಾನೇ ಮುಟ್ಟಿಲ್ಲ. ಒಂದಿನ ತಡ್ಕೋ ಭಾಯ್.”

ಅಷ್ಟರಲ್ಲಿ ಮೊಬೈಲು ಗುರ್ರೆಂದಿತು. ಸೇವಂತಿಗೆಗಳು ನಡುಗಿದವು. ಹೂವಿನ ಸಂದಿಯಿಂದ ಜೊತೆಗಾರ ಕೊಟ್ರೇಶನ ಹೆಸರು ಕಂಡಿತು. ಎತ್ತಲು ಯಾರೂ ಬಿಡಲಿಲ್ಲ. ಹೀಗೇ ಹನ್ನೊಂದು ಸಲ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಅಂಜನಕುಮಾರನ ತಾಳ್ಮೆ ತಪ್ಪಿತು. ಹುಟ್ಟಿದಾಗಿನಿಂದ ಯಾರಿಗೂ ಎದುರಾಡದವನು ಎದ್ದು ನಿಂತು ಕೂಗಿದ:

“ಆಯುಧ ಇರೋದು ಎಸೆಯಾಕ, ಹೂವ ಹೊತ್ತು ಕೂಡ್ರಾಕಲ್ಲ! ನಾಲ್ಕು ತಿಂಗಳು ನಿದ್ದೆಗೆಟ್ಟೋನು ನಾನು. ಪಾಪ ಬಂದ್ರೆ ನನಗ ಬರ್ಲಿ. ಸರೀರಿ ಆ ಕಡೆ!”

ಕೆಂಚವೀರಪ್ಪ ಕುರ್ಚಿ ಸಮೇತ ಹಿಂದೆ ಸರಿದರು. ಅಂಜನಕುಮಾರ ಹೂವು ಕಿತ್ತೆಸೆದ, ಕುಂಕುಮವನ್ನು ಹೊಸ ಅಂಗಿಗೇ ಒರೆಸಿದ, ಆಟ ತೆರೆದ. ಏಳು ತಲೆಯೂ ಹೆಡೆ ಎತ್ತಿದವು. ಹಲ್ಲು ಕಚ್ಚಿ ಗಡಿಗೆಯ ಮೇಲೆ ಬೆರಳಿಟ್ಟ. ಅಹಾ, ಅವನ ಎದೆ ಎಷ್ಟು ಹಿಗ್ಗಿತೆಂದರೆ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಗಡಿಗೆ ಅಲುಗಲಿಲ್ಲ. ಪರದೆಯ ಮೇಲೆ ಬಂಗಾರದ ಅಕ್ಷರ ಮೂಡಿತು: ‘ಆಯುಧಪೂಜೆ ಪ್ರಯುಕ್ತ ಇಂದು ಸಕಲ ಆಯುಧಗಳಿಗೂ ವಿಶ್ರಾಂತಿ. ಸರ್ಪಸಂಹಾರದ ಗಡುವು ನಾಳೆ ಸಂಜೆ ಐದರವರೆಗೆ.’ ಕೊಟ್ರೇಶ ಮಧ್ಯಾಹ್ನದಿಂದ ಬಡಿದುಕೊಂಡದ್ದು ಇದನ್ನು ಹೇಳುವುದಕ್ಕೇ.

“ಹೋಗ್ಲಿ ಬಿಡ್ರಿ, ನಾಳೆನೇ ಎಸೀತೀನಿ” ಎಂದು ಗತ್ತಿನಿಂದಲೇ ಮೊಬೈಲನ್ನು ಇದ್ದಲ್ಲಿಗೆ ಇಟ್ಟ.

ದ್ಯಾಮವ್ವ ಆಗಲೇ ಹೊಸ ಸೇವಂತಿಗೆ ತಂದಿದ್ದಳು. “ಮುಟ್ಟಿ ಪೂಜೆ ಕೆಡಿಸಿದೆಲ್ಲೋ. ನಾಳೆ ಮೊದಲಿಂದ ಮಾಡ್ತೀನಿ. ನಾಡಿದ್ದು ಬೆಳಿಗ್ಗೆ ತನಕ ಮುಟ್ಟಂಗಿಲ್ಲ.”

ಕೆಂಚವೀರಪ್ಪ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.