ಮೊದಲು ಅಭಿಪ್ರಾಯ, ಆಮೇಲೆ ಮಜ್ಜಿಗೆ

ನಮ್ಮ ಚಿಗವ್ವನನ್ನು ಸಿಟ್ಟಿಗೆಬ್ಬಿಸಬೇಕೆ? ಬೈಯಬೇಡಿ. ಬೈದರೆ ಆಕೆ ಕುರ್ಚಿ ಎಳೆದು ಕೂಡಿಸಿ, ಚಹಾ ಕೊಟ್ಟು, "ಹ್ಞೂಂ, ಮುಂದ ಹೇಳು" ಎನ್ನುತ್ತಾಳೆ. ಆಕೆಯ ಎದುರು ನಿಂತು, ಮುಖದ ತುಂಬ ನಗೆ ತುಂಬಿಕೊಂಡು, "ಎಲ್ಲಾ ಚಲೋ ಐತ್ರಿ" ಅನ್ನಿ. ಮುಗಿಯಿತು! ನಿಮ್ಮ ಕೈಯಲ್ಲಿದ್ದ ಚಹಾದ ಲೋಟ ಅಡಿಗೆಮನೆಗೆ ವಾಪಸ್ಸು ಹೋಯಿತೆಂದೇ ತಿಳಿಯಿರಿ.

ಲೋಕದಲ್ಲಿ ಹೊಗಳಿಕೆಗೆ ಹಿಗ್ಗುವವರನ್ನು ಕಂಡಿದ್ದೇನೆ, ಹೊಗಳಿಕೆಗೆ ನಾಚುವವರನ್ನೂ ಕಂಡಿದ್ದೇನೆ. ಹೊಗಳಿದರೆ ಬೆನ್ನಟ್ಟಿಕೊಂಡು ಬರುವವಳು ಇಡೀ ಬಳ್ಳಾರಿಯಲ್ಲಿ ಇವಳೊಬ್ಬಳೇ ಇರಬೇಕು.

ಇದಕ್ಕೆ ಮೂಲ ಪುರುಷರು ನಮ್ಮ ಚಿಕ್ಕಪ್ಪ. ಕುರುಗೋಡಿನಲ್ಲಿ ಸಾಲಿ ಮಾಸ್ತರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಎರಡೇ ಶಬ್ದ: ಚಲೋ ಐತಿ. ಮಳೆ ಬಂದರೆ ಚಲೋ ಐತಿ, ಬಿಸಿಲು ಸುಟ್ಟರೆ ಚಲೋ ಐತಿ. ಮದುವೆಯಾದ ಹೊಸದರಲ್ಲಿ ಚಿಗವ್ವ ಇವರ ನಾಲಿಗೆಯನ್ನು ಪರೀಕ್ಷಿಸಬೇಕೆಂದು ಬೇಕಂತಲೇ ಸಾರಿಗೆ ಉಪ್ಪು ಹಾಕಲಿಲ್ಲವಂತೆ. ಚಿಕ್ಕಪ್ಪ ರೊಟ್ಟಿ ಮುರಿದು, ಅದ್ದಿ, ತಿಂದು, "ಚಲೋ ಐತಿ" ಎಂದರು. ಮರುದಿನ ಕೈ ಬಿಟ್ಟು ಉಪ್ಪು ಸುರಿದಳು. ತಂಬಿಗೆಗಟ್ಟಲೆ ನೀರು ಕುಡಿದು, "ಚಲೋ ಐತಿ" ಎಂದರು. ಅದರ ಮರುದಿನ ಸಾರನ್ನೇ ಬಡಿಸಲಿಲ್ಲ. ಒಣ ರೊಟ್ಟಿ ತಿಂದೆದ್ದ ಚಿಕ್ಕಪ್ಪ ಕೈತೊಳೆಯುತ್ತ ಏನೆಂದಿರಬೇಕು, ಹೇಳಿ ನೋಡೋಣ?

"ಇವತ್ತಿನ ಸಾರು ಭಾಳ ಚಲೋ ಇತ್ತು!"

"ದೇವರು ಈ ಮನುಷ್ಯಾಗ ನಾಲಿಗಿ ಕೊಟ್ಟಾನೋ, ಬರೀ ರಬ್ಬರ್ ಠಸ್ಸಿ ಕೊಟ್ಟಾನೋ?" ಎಂದು ಚಿಗವ್ವ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಚಿಕ್ಕಪ್ಪನಿಗೆ ಅದೂ ಚಲೋ ಅನಿಸಿತು.

ಇಂಥವಳಿಗೆ ವಿಶ್ವವಿದ್ಯಾಲಯದಲ್ಲಿ ಎಂಥ ಕೆಲಸ ಸಿಕ್ಕಿತು ನೋಡಿ! ಸಂಶೋಧನಾ ಅನುದಾನ ನೆರವು ಕೇಂದ್ರದ ಮೇಲ್ವಿಚಾರಕಿ. ಹೆಸರು ಕೇಳಿ ಗಾಬರಿಯಾಗಬೇಡಿ, ವಿಷಯ ಸರಳ. ಅಧ್ಯಾಪಕರಿಗೆ ಸಂಶೋಧನೆ ಮಾಡುವ ಮನಸ್ಸಿರುತ್ತದೆ, ಕೈಯಲ್ಲಿ ಹಣವಿರುವುದಿಲ್ಲ. ಹಣ ಕೊಡುವವರು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತಿರುತ್ತಾರೆ. ಅವರಿಗೆ ಅರ್ಜಿ ಬರೆಯುವುದೇ ಒಂದು ದೊಡ್ಡ ಸಂಶೋಧನೆ! ಆ ಅರ್ಜಿ ಬರೆಸಿ, ಸಹಿ ಹಾಕಿಸಿ, ಹೊತ್ತಿಗೆ ಸರಿಯಾಗಿ ಕಳಿಸಲು ನೆರವಾಗುವುದು ಈ ಆಫೀಸಿನ ಕೆಲಸ. ಆದರೆ ಅಲ್ಲಿಗೆ ಬರುವವರು ಯಾರು? ಮಧ್ಯಾಹ್ನ ನೆರಳು ಹುಡುಕಿಕೊಂಡು ಬರುವ ಒಂದು ನಾಯಿ, ಮತ್ತು ದಾರಿ ತಪ್ಪಿದ ಪರೀಕ್ಷಾರ್ಥಿಗಳು.

ಒಂದು ದಿನ ಕುಲಪತಿಗಳು ಕರೆಸಿ ಹೇಳಿದರಂತೆ. "ನೋಡಿ ಮೇಡಂ, ಯಾರಿಗೂ ಬೇಡವಾದ ಕಚೇರಿ ಇಟ್ಟುಕೊಂಡು ಏನು ಮಾಡೋಣ? ಅಧ್ಯಾಪಕರ ಅಭಿಪ್ರಾಯ ಸಂಗ್ರಹಿಸಿ. ಉಪಯೋಗ ಇದೆ ಅಂತಾದರೆ ಸುಧಾರಿಸೋಣ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಮುಚ್ಚಿ, ಆ ಕೋಣೆಯನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟುಬಿಡ್ತೀವಿ. ಉತ್ತರ ಪತ್ರಿಕೆ ಇಡೋಕೆ ಅವರಿಗೆ ಜಾಗ ಇಲ್ಲ."

ಚಿಗವ್ವ ಎಲ್ಲ ಅಧ್ಯಾಪಕರಿಗೂ ಪ್ರಶ್ನೆಗಳ ಹಾಳೆ ಕಳಿಸಿದಳು. ಎಲ್ಲವೂ ತುಂಬಿ ಬಂದವು. ಅವನ್ನು ಹಿಡಿದುಕೊಂಡು ಪಾರ್ವತಿನಗರದ ಮನೆಯ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾಗ ನಾನು ಹೋದೆ.

"ಏನಾತು ಚಿಗವ್ವ? ಬೈದು ಬರದಾರೇನು?"

"ಬೈದಿದ್ರ ಹಬ್ಬ ಮಾಡ್ತಿದ್ದೆಲ್ಲೋ! ನೋಡಿಲ್ಲೆ, ಎಲ್ಲಾರೂ ಉತ್ತಮ, ಉತ್ತಮ, ಉತ್ತಮ! ಈ ಮಹಾನುಭಾವನ್ನ ನೋಡು. ಮೊನ್ನಿ ನನ್ನ ತಡದು ನಿಲ್ಲಿಸಿ, 'ಅನುದಾನದ ಆಫೀಸ್ ಯಾವ ಕಡೀಗೈತ್ರಿ' ಅಂತ ನನಗ ಕೇಳ್ಯಾನ. ಇಲ್ಲೆ 'ಅತ್ಯುತ್ತಮ ಸೇವೆ' ಅಂತ ಬರದಾನ!"

"ಹಂಗಾದ್ರ ಒಳ್ಳೇದ ಆತಲ್ಲ, ಇದನ್ನ ಕುಲಪತಿಗಳಿಗೆ ಕೊಟ್ಬಿಡು. ಆಫೀಸ್ ಉಳೀತೈತಿ."

ಚಿಗವ್ವ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದಲ್ಲ. "ನೀ ವಿಮಾ ಏಜೆಂಟ್ ಅದೀ, ಹಿಂಗ ಅನ್ನಾವನ. ಹೌದಪ, ನಿನ್ನ ಮುಂದ ಎಂದಾದ್ರೂ ಯಾರಾದ್ರೂ 'ನನಗ ಇಂಥಾ ರೋಗ ಐತ್ರಿ' ಅಂತ ಹೇಳ್ಯಾರೇನು?"

ಹೇಳಿಲ್ಲ. ನನ್ನ ಎದುರು ಕೂತು ಸಹಿ ಮಾಡುವ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿ ಎಲ್ಲರೂ ಗುಂಡುಕಲ್ಲಿನಂತೆಯೇ ಇರುತ್ತಾರೆ!

ಆಗ ಆಕೆಗೆ ಹೊಳೆದದ್ದು ಮಿರ್ಚಿ ಸಿದ್ಧಾಂತ. ನಮ್ಮ ಊರಿನಲ್ಲಿ ವಗ್ಗರಣಿ-ಮಿರ್ಚಿ, ಅಂದರೆ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ಬರೀ ತಿಂಡಿಯಲ್ಲ, ಸಂಬಂಧ ಕೂಡಿಸುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲದಕ್ಕೂ ಬೇಕು. ಚಿಗವ್ವ ಅದರೊಳಗಿನ ತತ್ವ ಕಂಡುಹಿಡಿದಳು: "ಬಾಯಿಗೆ ಬೆಂಕಿ ಬಿದ್ದಾಗ ಮನಷ್ಯಾಗ ಸುಳ್ಳು ಹೇಳಾಕ ಪುರಸೊತ್ತು ಇರಂಗಿಲ್ಲ."

ಮರುದಿನವೇ ನನ್ನ ಸ್ಕೂಟರಿನ ಹಿಂದೆ ಕೂತು ಕೌಲ್ ಬಜಾರಿಗೆ ಬಂದಳು. ನಲವತ್ತು ವರ್ಷಗಳಿಂದ ಒಂದೇ ಬಂಡಿಯ ಮೇಲೆ ಮಿರ್ಚಿ ಕರಿಯುವ ಚಾಚಾ ಇದ್ದಾರೆ.

"ಚಾಚಾ, ಇರಾದ್ರಾಗ ಖಾರದ ಕಾಯಿ ಆರಿಸ್ರಿ. ಬೀಜ ತಗೀಬ್ಯಾಡ್ರಿ."

ಚಾಚಾ ಕರಿಯುವ ಜಾಲರಿ ಸೌಟು ಕೆಳಗಿಟ್ಟರು. "ಯಾಕಕ್ಕಾ, ಯಾರ ಮ್ಯಾಲ ಇಷ್ಟು ಗುಸ್ಸಾ?"

"ಗುಸ್ಸಾ ಅಲ್ರಿ. ಅಭಿಪ್ರಾಯ ಬೇಕಾಗೇತಿ!"

ಒಂದು ಕೈಯಲ್ಲಿ ಮಿರ್ಚಿಯ ಪೊಟ್ಟಣ, ಇನ್ನೊಂದರಲ್ಲಿ ಮಜ್ಜಿಗೆಯ ಕ್ಯಾನು. ಹೀಗೆ ಶುರುವಾಯಿತು ನಮ್ಮ ದಂಡಯಾತ್ರೆ. ಮೊದಲು ಸಿಕ್ಕವರು ಭೌತಶಾಸ್ತ್ರದ ಮುಖ್ಯಸ್ಥರು. ಇರುವೆಗೂ 'ದಯವಿಟ್ಟು' ಎಂದು ದಾರಿ ಬಿಡುವ ಸಭ್ಯರು. ಒಂದು ಮಿರ್ಚಿ ಬಾಯಿಗಿಟ್ಟರು. ಕಿವಿ ಕೆಂಪಾದವು. ಕನ್ನಡಕ ತೆಗೆದರು. ಕೈ ಮಜ್ಜಿಗೆಯ ಕಡೆ ಹೋಯಿತು. ಚಿಗವ್ವ ಕ್ಯಾನನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಮೊದಲ ಅಭಿಪ್ರಾಯ, ಆಮ್ಯಾಲ ಮಜ್ಜಿಗಿ. ನಮ್ಮ ಆಫೀಸ್ ಹೆಂಗೈತ್ರಿ ಸರ್?"

"ಮೇಡಂ, ಚೆನ್ನಾಗಿ… ಹಾ! ಹಾ! ಸುಡುಗಾಡಿನಂಗೈತ್ರಿ! ಒಂದು ಸಹಿ ಬೇಕಂದ್ರ ಊರೆಲ್ಲ ಅಡ್ಡಾಡಿಸ್ತೀರಿ! ಫೋನ್ ಮಾಡಿದ್ರ ಎತ್ತಂಗಿಲ್ಲ! ಕೊಡ್ರಿ ಮೊದಲ ಅದನ್ನ!"

ಚಿಗವ್ವನ ಮುಖ ಹುಣ್ಣಿಮೆಯಾಯಿತು. ಲೋಟದ ತುಂಬ ಮಜ್ಜಿಗೆ ಬಗ್ಗಿಸಿ ಎರಡೂ ಕೈಯಿಂದ ಕೊಟ್ಟಳು. "ದೇವರು ನಿಮ್ಮನ್ನ ತಣ್ಣಗಿಟ್ಟಿರಲಿ ಸರ್!" ಹೊರಗೆ ಬಂದಮೇಲೆ ನನಗೆ ಹೇಳಿದಳು, "ನೋಡಿದ್ಯಾ? ಎಷ್ಟು ದಿನದಿಂದ ಹೊಟ್ಟಿಯೊಳಗ ಇಟಗೊಂಡಿದ್ದ, ಪಾಪ!"

ವಾರದೊಳಗೆ ವಿಶ್ವವಿದ್ಯಾಲಯದ ತುಂಬ ಸುದ್ದಿ ಹಬ್ಬಿತು. ನಮ್ಮ ಸ್ಕೂಟರ್ ಸಪ್ಪಳ ಕೇಳಿದರೆ ಕೆಲವರು ನೀರಿನ ಬಾಟಲಿ ಬಗಲಲ್ಲಿಟ್ಟುಕೊಂಡು ಕೂಡತೊಡಗಿದರು. ಚಿಗವ್ವ ಸುಮ್ಮನಿರುತ್ತಾಳೆಯೆ? ಮೊದಲು ಬಾಟಲಿ ಜಪ್ತಿ, ಆಮೇಲೆ ನಮಸ್ಕಾರ!

ಆದರೆ ಸಿದ್ಧಾಂತ ಮುಗ್ಗರಿಸಿದ್ದು ಸಿರುಗುಪ್ಪದಲ್ಲಿ. ವಿಶ್ವವಿದ್ಯಾಲಯಕ್ಕೆ ಸೇರಿದ ಅಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದಾರೆ. ಅದೇ ತಾಲೂಕಿನ ಕರೂರಿನವರು, ನೆಲ್ಲಿನ, ಅಂದರೆ ಭತ್ತದ, ಗದ್ದೆಯ ಕಳೆಯ ಬಗ್ಗೆ ಸಂಶೋಧನೆ ಮಾಡಬೇಕೆಂದು ಆಸೆ. ಆಕೆ ಮಿರ್ಚಿ ತಿಂದರು. ಕಣ್ಣು ಕೂಡ ಮಿಟುಕಿಸಲಿಲ್ಲ. ಇನ್ನೊಂದು ಕೇಳಿ ಇಸಿದುಕೊಂಡರು!

"ಖಾರ ಹತ್ತಲಿಲ್ಲೇನಮ್ಮ?" ಚಿಗವ್ವನ ದನಿ ಸಣ್ಣಗಾಗಿತ್ತು.

"ಇದು ಖಾರಾನ್ರಿ ಅಮ್ಮ? ನಮ್ಮವ್ವ ನಾಟಿ ಹಚ್ಚಾಕ ಹೋಗಾಗ ನಮಗ ಬುತ್ತಿಗೆ ಕಟ್ಟತಿದ್ದ ಚಟ್ನಿ ಮುಂದ ಇದು ಬೆಲ್ಲರೀ! ನೀವೂ ಒಂದು ತಿನ್ರಿ."

ಮರ್ಯಾದೆಯ ಪ್ರಶ್ನೆ! ಚಿಗವ್ವ ಪೊಟ್ಟಣದಿಂದ ಒಂದನ್ನೆತ್ತಿ ಕಚ್ಚಿದಳು. ಅಭಿಪ್ರಾಯ ಸಂಗ್ರಹದ ಚರಿತ್ರೆಯಲ್ಲೇ ಅಂಥದು ನಡೆದಿರಲಾರದು. ಕೇಳಲು ಬಂದವಳ ಕಣ್ಣು ಮೂಗುಗಳಲ್ಲಿ ನೀರು, ಹೇಳಬೇಕಾದವರು ಬೆನ್ನು ಸವರುತ್ತಿದ್ದಾರೆ! ಆ ಬೆಂಕಿಯಲ್ಲಿ ಚಿಗವ್ವನ ಬಾಯಿಂದಲೇ ನಿಜ ಬಂತು: "ಅಯ್ಯೋ ಶಿವನ! ನನ್ನ ಆಫೀಸ್ ಮುಚ್ಚತಾರಮ್ಮ! ಖರೇ ಹೇಳ್ರಿ, ಅದರಿಂದ ನಿಮಗೇನೂ ಉಪಯೋಗ ಇಲ್ಲೇನು?"

ಮೇಡಂ ತಮ್ಮ ನೀರಿನ ಬಾಟಲಿ ಚಿಗವ್ವನ ಕೈಗಿತ್ತರು. ಆಮೇಲೆ ಒಂದು ಮಿರ್ಚಿಯ ಸಹಾಯವೂ ಇಲ್ಲದೆ ಹೇಳಿದರು. "ಅಮ್ಮಾ, ಅರ್ಜಿ ಕರದಾರ ಅನ್ನೋ ಸುದ್ದಿ ನಮ್ಮ ಕಾಲೇಜಿಗೆ ಬಂದು, ಪ್ರಿನ್ಸಿಪಾಲರ ಟೇಬಲ್ ಮ್ಯಾಲ ನಿದ್ದಿ ಮಾಡಿ ಎದ್ದು ನನ್ನ ಕೈಗೆ ಬರೂದ್ರಾಗ ಕಡೀ ದಿನ ಹೋಗಿರ್ತೈತಿ. ಒಮ್ಮೆ ಕ್ಲಾಸ್ ಬಿಟ್ಟು, ಬಸ್ ಹಿಡದು ಬಳ್ಳಾರಿಗೆ ಬಂದಿದ್ದೆ. ನೀವು ಊಟಕ್ಕ ಹೋಗಿದ್ರಿ. ಕಾದೆ. ಕಡೀಗೆ ಬಸ್ಸಿಗೆ ಹೊತ್ತಾತಂತ ಹೊಳ್ಳಿ ಬಂದೆ. ಆಫೀಸ್ ಬ್ಯಾಡ ಅಂತ ಅಲ್ರಿ. ಅದು ನಮ್ಮ ಕಡೆ ಬರಂಗಿಲ್ಲ ಅಂತ."

ಸ್ಕೂಟರ್ ಹತ್ತುವ ಮುಂಚೆ ಚಿಗವ್ವ ಮತ್ತೆ ಒಳಗೆ ಹೋಗಿ ಮೇಡಂಗೆ ಏನೋ ಹೇಳಿ ಬಂದಳು. ಬಾಯಿ ಉರಿದು ಇನ್ನಷ್ಟು ನೀರು ಕೇಳಿರಬೇಕು ಎಂದುಕೊಂಡೆ.

ಕುರುಗೋಡಿನ ಕಾಲೇಜಿನ ಇತಿಹಾಸದ ಅಧ್ಯಾಪಕರ ಕತೆ ಇನ್ನೊಂದು ತೆರ. ಊರ ಸುತ್ತಲ ಹಳೆಯ ಶಾಸನಗಳ ಬೆನ್ನು ಬಿದ್ದವರು. ಪೊಟ್ಟಣ ಕಂಡ ಕೂಡಲೇ ಎದೆ ಹಿಡಿದುಕೊಂಡರು. "ಬ್ಯಾಡ್ರಿ ಅಕ್ಕಾರ, ನನಗ ಆಸಿಡಿಟಿ ಐತಿ!"

"ತಿನಬ್ಯಾಡ್ರಿ ಮತ್ತ. ಸುಮ್ನ ಕೈಯಾಗ ಹಿಡಕೊಂಡು ಕುಂದರ್ರಿ."

ಹಿಡಿದುಕೊಂಡರು. ಹಿಡಿದದ್ದೇ ತಡ, ಮೈಮೇಲೆ ಬಂದವರಂತೆ ಶುರುಮಾಡಿದರು! ಅವರ ಅರ್ಜಿಯನ್ನು ಚಿಗವ್ವನ ಆಫೀಸು ಒಮ್ಮೆ ಅಂಚು ಕಡಿಮೆ ಬಿಟ್ಟಿದ್ದಾರೆಂದು ವಾಪಸ್ಸು ಕಳಿಸಿತ್ತಂತೆ, ಇನ್ನೊಮ್ಮೆ ಅಂಚು ಜಾಸ್ತಿಯಾಯಿತೆಂದು! ಮಿರ್ಚಿ ತಣ್ಣಗಾಯಿತು, ಅವರು ಆಗಲಿಲ್ಲ. ಚಿಗವ್ವ ತಲೆತೂಗುತ್ತ ಬರೆದುಕೊಂಡಳು. ಏಳುವಾಗ ಅವರ ದನಿ ಇಳಿಯಿತು.

"ಇಷ್ಟು ಬೈದೆ, ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ನಿಮ್ಮ ಯಜಮಾನ್ರು, ನಮ್ಮ ಮಾಸ್ತರು, ಭಾಳ ದೊಡ್ಡ ಮನಷ್ಯಾರು. ಒಂದಿನಾನೂ ಇದು ಕಡಿಮಿ, ಅದು ಬೇಕು ಅಂದವರಲ್ಲ."

"ಹೌದ್ರಿ," ಎಂದಳು ಚಿಗವ್ವ. "ಅನಲಿಲ್ಲ." ಮಜ್ಜಿಗೆ ಬಗ್ಗಿಸುತ್ತಿದ್ದ ಕೈ ತುಸು ನಿಂತಿತು. ನಾನು ನೋಡಿದೆ. ಕೇಳಲಿಲ್ಲ.

ಸಭೆಯ ದಿನ ಬಂತು. ಮಿರ್ಚಿ ಒಳಗೆ ತರಬಾರದೆಂದು ಕುಲಪತಿಗಳ ಕಟ್ಟಪ್ಪಣೆಯಾಗಿತ್ತು! ನಾನು ಬಾಗಿಲ ಹೊರಗೆ ಮಜ್ಜಿಗೆಯ ಕ್ಯಾನು ಹಿಡಿದು ಕೂತಿದ್ದೆ. ಚಿಗವ್ವ ಎದ್ದುನಿಂತು, ತನ್ನ ಆಫೀಸಿಗೆ ಬಿದ್ದ ಬೈಗುಳಗಳನ್ನೆಲ್ಲ ಒಂದೂ ಬಿಡದೆ, ಮದುವೆಯಲ್ಲಿ ಆಯಾರದ ಉಡುಗೊರೆಗಳ ಪಟ್ಟಿ ಓದುವವರ ಹಾಗೆ ಗಟ್ಟಿಯಾಗಿ ಓದಿದಳು. 'ಸುಡುಗಾಡಿನಂಗೈತಿ' ಕೂಡ. ಸದಸ್ಯರೊಬ್ಬರು ನಕ್ಕರು.

"ಮೇಡಂ, ಕಚೇರಿ ಸರಿಯಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಹಾಗಾದ್ರೆ ಮುಚ್ಚೋದೇ ಸರಿ ಅಲ್ವಾ?"

ನಾನು ಕ್ಯಾನು ಕೆಳಗಿಟ್ಟೆ. ಹೌದಲ್ಲ! ಆ ಮುಗ್ಧೆ ತನ್ನ ಕತ್ತಿಗೆ ತಾನೇ ಹಗ್ಗ ಹೊಸೆದುಕೊಂಡು ಬಂದಿದ್ದಳು! 'ಅತ್ಯುತ್ತಮ ಸೇವೆ' ಎಂಬ ಹಾಳೆಗಳನ್ನು ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತಲ್ಲ?

ಒಳಗಿನಿಂದ ಚಿಗವ್ವನ ದನಿ ಕೇಳಿಸಿತು. "ಸರ್, ಮತ್ತೊಮ್ಮೆ ಹೋಗಲಾರದ ಮನಿಯೊಳಗ ಉಂಡವರು 'ಸಾರು ಚಲೋ ಇತ್ರಿ' ಅಂತ ಕೈತೊಳಕೊಂಡು ಹೋಗ್ತಾರ. ನಾಳೆ ಮತ್ತ ಉಣ್ಣಾಕ ಬರಾವ್ರು ಮಾತ್ರ 'ಉಪ್ಪು ಕಡಿಮಿ ಐತಿ' ಅಂತಾರ್ರಿ. ಇಷ್ಟು ಮಂದಿ ಉಪ್ಪು ಕಡಿಮಿ ಅಂದಾರ."

"ಸರಿ, ಯೋಚನೆ ಮಾಡಿ ತಿಳಿಸ್ತೀವಿ," ಎಂದರು ಕುಲಪತಿಗಳು. ಅಷ್ಟೇ.

ಆಕೆಯನ್ನು ಮನೆಗೆ ಬಿಟ್ಟು ಬಂದೆ. ಸಂಜೆ ಫೋನ್ ಮಾಡಿದೆ. "ಹೆಂಗದೀ ಚಿಗವ್ವ?"

"ಚಲೋ ಅದೀನಪ."

ಹೀಗೆಂದದ್ದು ನನ್ನ ಚಿಗವ್ವನೇ? ಹುಟ್ಟಿದಾಗಿನಿಂದ ಆಕೆಯ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಫೋನಿಟ್ಟವನು ಸ್ಕೂಟರ್ ಹತ್ತಿ ನೆಟ್ಟಗೆ ಕೌಲ್ ಬಜಾರಿಗೆ ಹೋದೆ. "ಚಾಚಾ, ಬೀಜ ತಗೀಬ್ಯಾಡ್ರಿ" ಎಂದೆ. ಚಾಚಾ ನನ್ನ ಮುಖ ನೋಡಿ ಒಂದು ಹೆಚ್ಚೇ ಹಾಕಿ ಕಟ್ಟಿಕೊಟ್ಟರು.

ಪಾರ್ವತಿನಗರದಲ್ಲಿ ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಪೊಟ್ಟಣ ಬಿಚ್ಚಿಟ್ಟೆ. ನಗಲಿಲ್ಲ. ಒಂದನ್ನೆತ್ತಿ ಕಚ್ಚಿ, ಅಗಿದು, ಬೀದಿಯ ಕಡೆ ನೋಡುತ್ತ ಹೇಳಿದಳು.

"ಅವತ್ತು ಮುಂಜಾನೆ ನಿಮ್ಮ ಚಿಕ್ಕಪ್ಪ ಮಂಚದ ತುದಿಗೆ ಕುಂತಿದ್ರು. ಅಂಗಿ ಬೆವರಿಗೆ ತೊಯ್ದಿತ್ತು. 'ಏನಾತ್ರೀ' ಅಂದೆ. 'ಏನಿಲ್ಲ, ಚಲೋ ಅದೀನಿ, ಸಾಲಿಗೆ ಹೊತ್ತಾತು' ಅಂದ್ರು. ಅವರು ಯಾವಾಗ್ಲೂ ಹಂಗ ಅಂತಿದ್ರಲ್ಲ, ನಾ ಸುಮ್ಮನಾದೆ. ಮಧ್ಯಾಹ್ನ ಅವರನ್ನ ಸಾಲಿಯಿಂದ ಮಂದಿ ಹೊತ್ಕೊಂಡು ಬಂದ್ರು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇನ್ನೊಮ್ಮೆ ಕೇಳಬೇಕಿತ್ತು ನಾನು. ಗಂಟು ಬಿದ್ದು ಕೇಳಬೇಕಿತ್ತು."

ಬೀದಿಯಲ್ಲಿ ಒಂದು ಆಟೋ ಹೋಯಿತು. ಅದರ ಸದ್ದು ಪೂರಾ ಅಡಗಿದ ಮೇಲೆ ಕೇಳಿದೆ. "ಈಗ ಹೇಳು ಚಿಗವ್ವ. ಹೆಂಗದೀ?"

"ಹೆದರಿಕಿ ಆಗೇತಿ ಲೇ," ಎಂದಳು. "ಆ ಕರೂರ ಹುಡುಗಿಗೆ, 'ಬರ್ತೀನಿ, ನಿಮ್ಮ ಕಡೆ ಬರ್ತೀನಿ' ಅಂತ ಮಾತು ಕೊಟ್ಟು ಬಂದೀನಿ."

ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟೆ.

ಆಫೀಸು ಉಳಿಯಿತು. ಒಂದು ವರ್ಷ ನೋಡೋಣ ಎಂದರಂತೆ ಕುಲಪತಿಗಳು. ಈಗ ಅರ್ಜಿಯ ಸುದ್ದಿ ನೇರ ಅಧ್ಯಾಪಕರ ಮೊಬೈಲಿಗೇ ಹೋಗುತ್ತದೆ. ವಾರಕ್ಕೊಂದು ದಿನ ಸಿರುಗುಪ್ಪದಲ್ಲಿ, ಒಂದು ದಿನ ಕುರುಗೋಡಿನಲ್ಲಿ ಚಿಗವ್ವ ಮೇಜು ಹಾಕಿಕೊಂಡು ಕೂಡುತ್ತಾಳೆ. ನಿನ್ನೆ ಫೋನ್ ಮಾಡಿ ಹೆಂಗದೀ ಎಂದು ಕೇಳಿದೆ.

"ಏನ್ ಹೇಳ್ಲಿ! ಸಿರುಗುಪ್ಪದಾಗ ಕೊಟ್ಟ ಮೇಜಿನ ಒಂದು ಕಾಲು ಗಿಡ್ಡ ಐತಿ. ಫ್ಯಾನ್ ತಿರಗೂದಕಿಂತ ಒದರೂದ ಜಾಸ್ತಿ. ಬಸ್ಸಿನಾಗ ಸೊಂಟ ಹೋತು. ಆ ಇತಿಹಾಸದ ಮಾಸ್ತರು ಮತ್ತ ಅಂಚು ಬಿಡೂದು ಮರತಾರ. ಕರೂರ ಹುಡುಗಿ ಅರ್ಜಿ ಬರದಾಳ, ಒಳಗ ಕಳೀಗೆ ಇಟ್ಟ ಪ್ರೀತಿ ನೆಲ್ಲಿಗೆ ಇಟ್ಟಿಲ್ಲ, ಮೂರು ಸಲ ತಿದ್ದಿಸೀನಿ. ಮತ್ತ ನಿನ್ನ ಸ್ಕೂಟರ್ ಸೀಟು ಹರದೈತಿ, ಯಾವಾಗ ಹೊಲಸ್ತೀ?…"

ಬೈಗುಳದ ಮಳೆ ನಿಲ್ಲುವ ಹಾಗೆ ಕಾಣಲಿಲ್ಲ. ನನ್ನ ಹೆಂಡತಿ ಅಡಿಗೆಮನೆಯಿಂದ ಇಣುಕಿ, "ಹೆಂಗದಾರಂತ್ರಿ ಚಿಗವ್ವಾರು?" ಎಂದು ಸನ್ನೆಯಲ್ಲಿ ಕೇಳಿದಳು.

ಫೋನಿನ ಮೇಲೆ ಕೈಮುಚ್ಚಿ ಹೇಳಿದೆ.

"ಚಲೋ ಅದಾರ."